ಹರಿದ ಪಟ್ಟಾದ ಸಾಕ್ಷಿ

ಅಕ್ಟೋಬರ್ ಬಂತೆಂದರೆ ವಿಜಯಪುರದ ಬಿಡಿಭಾಗದ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಮುಂದೆ ನಾಲ್ಕಾರು ಮೋಟರ್ ಸೈಕಲ್ ನಿಂತಿರುತ್ತವೆ. ಒಬ್ಬರ ಹೆಗಲ ಮೇಲೆ ಹರಿದ ವಿ-ಬೆಲ್ಟು, ಇನ್ನೊಬ್ಬರ ಕೈಚೀಲದಲ್ಲಿ ಎಣ್ಣೆ ಸೋರುವ ಹೈಡ್ರಾಲಿಕ್ ಪೈಪು. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಆಗ ಬಳ್ಳಿ ಸವರುವ ಹಣ್ಣಿನ ಚಾಟಣಿ ಮುಗಿದು ಎಳೆ ಚಿಗುರು ಹೊರಟಿರುತ್ತದೆ. ಹಿಂಗಾರಿಯ ಒಂದು ಮಳೆ ಬಿದ್ದು ಮೋಡ ಕದಲದೆ ನಿಂತರೆ ಡೌನಿ ರೋಗ ಎಲೆಯಿಂದ ಗೊನೆಗೆ ಇಳಿಯಲು ಬಹಳ ದಿನ ಬೇಡ. ಔಷಧ ಹೊಡೆಯುವ ಪಂಪು ರಾತ್ರಿ ನಿಂತಿದೆ, ಇವತ್ತು ಓಡಲೇಬೇಕು. ಹೀಗಾಗಿ ಅಂಗಡಿಯಲ್ಲಿ ಮಾತು ಚಿಕ್ಕದು: "ಅಣ್ಣಾರ, ಇಂಥಾದ್ದ ಇನ್ನೊಂದ ಕೊಡ್ರಿ." ಅಂಗಡಿಯವರು ಹಳೆಯದರ ಮೇಲಿನ ನಂಬರು ನೋಡುತ್ತಾರೆ, ನಂಬರು ಅಳಿಸಿದ್ದರೆ ಟೇಪು ಹಿಡಿಯುತ್ತಾರೆ, ಹೊಸದನ್ನು ಕೊಡುತ್ತಾರೆ. ಹಳೆಯದು ಅಂಗಡಿಯ ಮೂಲೆಗೆ ಬೀಳುತ್ತದೆ.

ನನ್ನ ತಕರಾರು ಆ ಮೂಲೆಯದು. ಹರಿದ ಪಟ್ಟಾ (ಅಂದರೆ ಬೆಲ್ಟು), ಒಡೆದ ಪೈಪು ಎರಡೂ ತಾವು ಯಾಕೆ ಹಾಳಾದೆವೆಂದು ಮೈಮೇಲೆ ಬರೆದುಕೊಂಡೇ ಬಂದಿರುತ್ತವೆ. ಅದನ್ನು ಯಾರೂ ಓದುವುದಿಲ್ಲ. ಹರಿದದ್ದನ್ನು ಬದಲಿಸಿ, ಹರಿಯಲು ಕಾರಣವಾದದ್ದನ್ನು ಯಂತ್ರದಲ್ಲೇ ಬಿಟ್ಟು ಬರುತ್ತೇವೆ. ಮುಂದಿನ ತಿಂಗಳು ಮತ್ತೆ ಅದೇ ಅಂಗಡಿ, ಅದೇ ಮಾತು. ಕೊನೆಗೆ "ಈಗಿನ ಮಾಲೇ ಸರಿ ಇಲ್ಲ, ಎಲ್ಲಾ ಡೂಪ್ಲಿಕೇಟ್" ಎಂಬ ತೀರ್ಪು. ನಕಲಿ ಮಾಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಸವೆದ ಪುಲಿಯ ಮೇಲೆ ಅಸಲಿ ಬೆಲ್ಟೂ ಬಾಳುವುದಿಲ್ಲ, ತಿರುಚಿ ಕೂಡಿಸಿದ ಅಸಲಿ ಪೈಪೂ ಒಡೆಯುತ್ತದೆ. ನಕಲಿಯ ಮೇಲೆ ಹೊರಿಸುವ ದೂರಿನಲ್ಲಿ ನಮ್ಮ ಆಯ್ಕೆಯ, ಜೋಡಣೆಯ, ನಿಗಾದ ದೋಷವೇ ಹೆಚ್ಚು ಅಡಗಿದೆ ಎಂಬುದು ನನ್ನ ವಾದ.

ಈ ಸೀಮೆಗೆ ಈ ಮಾತು ಈಗ ಯಾಕೆ ಮುಖ್ಯವೆಂದರೆ, ಇಲ್ಲಿ ಯಂತ್ರ ಬಂದ ವೇಗಕ್ಕೆ ಯಂತ್ರದ ತಿಳಿವಳಿಕೆ ಬರಲಿಲ್ಲ. ಒಂದು ಕಾಲಕ್ಕೆ ಬಿಳಿಜೋಳ, ಕಡಲೆ, ಕುಸುಬೆಯ ಒಣ ಬೇಸಾಯದ ನೆಲವಿದು. ಬಾವಿ, ಕೊಳವೆಬಾವಿಗಳ ಮೇಲೆ ದ್ರಾಕ್ಷಿ ಬಂತು. ಆಮೇಲೆ ಮುಳವಾಡ ಏತ ನೀರಾವರಿ ಬಂತು. ಜಮಖಂಡಿ ತಾಲ್ಲೂಕಿನ ತುಬಚಿಯ ಕಡೆಯಿಂದ ಕೃಷ್ಣೆಯ ನೀರೆತ್ತುವ ತುಬಚಿ-ಬಬಲೇಶ್ವರ ಯೋಜನೆಯೂ ಬಂದು ಕೆರೆಗಳು ತುಂಬತೊಡಗಿದವು. ನೀರಿನ ಬೆನ್ನಿಗೆ ಕಬ್ಬು, ಕಬ್ಬಿನ ಬೆನ್ನಿಗೆ ಟ್ರ್ಯಾಕ್ಟರು, ಟಿಪ್ಪರ್ ಟ್ರಾಲಿ, ಜೆಸಿಬಿ, ಈಚೆಗೆ ಕಬ್ಬು ಕಟಾವು ಯಂತ್ರ. ದ್ರಾಕ್ಷಿ ತೋಟಗಳಿಗೆ ಸಾಲಿನ ನಡುವೆ ನುಗ್ಗುವ ಮಿನಿ ಟ್ರ್ಯಾಕ್ಟರು, ಬ್ಲೋವರು, ಔಷಧ ಹೊಡೆಯುವ ಎಚ್‌ಟಿಪಿ ಪಂಪು. ಒಣದ್ರಾಕ್ಷಿಗೆ ತೊಟ್ಟು ಬಿಡಿಸುವ, ತೊಳೆಯುವ, ಗಾತ್ರ ಬೇರ್ಪಡಿಸುವ ಯಂತ್ರಗಳು. ಇಷ್ಟೆಲ್ಲದರ ಶಕ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹೆಚ್ಚಾಗಿ ಎರಡು ದಾರಿಯಲ್ಲಿ: ಸುತ್ತುವ ಪಟ್ಟಾದ ಮೇಲೆ, ಇಲ್ಲವೇ ಪೈಪಿನೊಳಗಿನ ಎಣ್ಣೆಯಲ್ಲಿ. ಎಂಜಿನ್ನಿಗೆ, ಮೋಟರಿಗೆ ನಾವು ಕೊಡುವ ಗೌರವದ ಒಂದು ಪಾಲೂ ಈ ಎರಡಕ್ಕೆ ಸಿಕ್ಕಿಲ್ಲ.

ಹಳೆಯ ಹಿಟ್ಟಿನ ಗಿರಣಿಯನ್ನು ನೆನೆಯಬೇಕು. ಅಲ್ಲಿದ್ದದ್ದು ಉದ್ದನೆಯ ಚಪ್ಪಟೆ ಪಟ್ಟಾ. ಪುಲಿಯ ನಡುಭಾಗ ತುಸು ಉಬ್ಬಿರುತ್ತಿತ್ತು, ಆ ಉಬ್ಬು ಪಟ್ಟಾವನ್ನು ತಾನೇ ನಡುವಿಗೆ ಎಳೆದುಕೊಳ್ಳುತ್ತಿತ್ತು. ಪುಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಪಟ್ಟಾ ಕಳಚಿ ಬೀಳುತ್ತಿತ್ತು, ಸಡಿಲಾದರೆ ಜಾರಿ ಫಟ್‌ ಫಟ್ ಎಂದು ಹೊಡೆಯುತ್ತಿತ್ತು, ಕೂಡಿಸಿದ ಹೊಲಿಗೆ ಬಿಚ್ಚಿದರೆ ಪ್ರತಿ ಸುತ್ತಿಗೂ ಸದ್ದು. ಗಿರಣಿಯವರಿಗೆ ಪುಸ್ತಕ ಬೇಕಿರಲಿಲ್ಲ, ತಪ್ಪಾದ ಗಳಿಗೆಯಲ್ಲೇ ಪಟ್ಟಾ ಕೂಗಿ ಹೇಳುತ್ತಿತ್ತು.

ವಿ-ಬೆಲ್ಟು ಹಾಗಲ್ಲ. ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ 1917ರಲ್ಲಿ ರಬ್ಬರು ಮತ್ತು ನೂಲು ಸೇರಿಸಿ ವಿ ಆಕಾರದ ಪಟ್ಟಾ ತಂದ ಮೇಲೆ ಜಗತ್ತಿನ ಯಂತ್ರಗಳು ಕಿರಿದಾದವು, ಪುಲಿಗಳು ಹತ್ತಿರ ಬಂದವು. ಈ ಪಟ್ಟಾ ಪುಲಿಯ ಗ್ರೂವಿನ ತಳದ ಮೇಲೆ ಕೂರುವುದಿಲ್ಲ. ಎರಡೂ ಪಕ್ಕಗಳನ್ನು ಒತ್ತಿ ಬೆಣೆಯಾಗಿ ಹಿಡಿಯುತ್ತದೆ. ಗ್ರೂವಿನ ಕೋನ 34ರಿಂದ 38 ಡಿಗ್ರಿ ಇರುವುದು ಈ ಹಿಡಿತಕ್ಕಾಗಿಯೇ. ಅದೇ ಬಿಗಿತದಲ್ಲಿ ಚಪ್ಪಟೆ ಪಟ್ಟಾಕ್ಕಿಂತ ಸುಮಾರು 3 ಪಟ್ಟು ಹಿಡಿತ ಇದರಿಂದ ಸಿಗುತ್ತದೆ. ದೊಡ್ಡ ಗುಣ ಇದು. ಆದರೆ ಈ ಗುಣದ ಜೊತೆಗೇ ಒಂದು ತೊಡಕೂ ಬಂತು. ಪುಲಿಗಳ ಸಾಲು ತಪ್ಪಿದರೂ ವಿ-ಬೆಲ್ಟು ಗ್ರೂವಿನಲ್ಲಿ ಸಿಕ್ಕಿಕೊಂಡು ಓಡುತ್ತಲೇ ಇರುತ್ತದೆ. ತಪ್ಪನ್ನು ತಾನೇ ನುಂಗಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಒಂದು ಪಕ್ಕ ಸವೆಯುತ್ತದೆ, ಒಂದು ರಾತ್ರಿ ಹರಿಯುತ್ತದೆ. ಗಿರಣಿಯ ಪಟ್ಟಾ ಕಿವಿಗೆ ಹೇಳುತ್ತಿದ್ದುದನ್ನು ಇಲ್ಲಿ ಕಣ್ಣಿಟ್ಟು ಹುಡುಕಬೇಕು. ಆ ಬದಲಾವಣೆಯನ್ನು ನಾವು ಕಲಿಯಲಿಲ್ಲ. ಚಪ್ಪಟೆ ಪಟ್ಟಾದ ಕಾಲದ ರೂಢಿಯನ್ನೇ ಮುಂದುವರಿಸಿ, ಜಾರುವ ವಿ-ಬೆಲ್ಟಿಗೂ ರಾಳದ ಪುಡಿ ಹಾಕುತ್ತೇವೆ. ಅರ್ಧ ತಾಸು ಹಿಡಿದಂತಾಗುತ್ತದೆ. ಆಮೇಲೆ ಆ ಪುಡಿ ಧೂಳನ್ನು ಹಿಡಿದುಕೊಂಡು ಉಜ್ಜುಕಾಗದದ ಕೆಲಸ ಮಾಡುತ್ತದೆ, ಪಟ್ಟಾದ ಜೊತೆ ಪುಲಿಯೂ ಸವೆಯುತ್ತದೆ.

ಹಾಗಾದರೆ ಓದುವುದು ಹೇಗೆ? ಹರಿದ ಪಟ್ಟಾವನ್ನು ಒಳಮೈ ಹೊರಗೆ ಬರುವಂತೆ ಮಡಚಿ ಬೆಳಕಿಗೆ ಹಿಡಿಯಿರಿ. ಒಳಗಡೆ ಅಡ್ಡಡ್ಡ ಬಿರುಕು ಸಾಲಾಗಿ ಕಂಡರೆ ಅದು ಚಿಕ್ಕ ಪುಲಿಯ ಮೇಲೆ ಮಿತಿಮೀರಿ ಬಾಗಿದೆ, ಇಲ್ಲವೇ ಬಿಸಿಗೆ ಒಣಗಿದೆ. ಎರಡೂ ಪಕ್ಕ ಗಾಜಿನ ಹಾಗೆ ಹೊಳೆದು ಗಟ್ಟಿಯಾಗಿದ್ದರೆ ಸಡಿಲಾಗಿ ಜಾರಿದೆ. ಒಂದೇ ಪಕ್ಕ ಸವೆದಿದ್ದರೆ ಪುಲಿಗಳ ಸಾಲು ತಪ್ಪಿದೆ. ಮೈಯೆಲ್ಲ ಹೊಸದರ ಹಾಗಿದ್ದು ಒಂದೇ ಕಡೆ ಕತ್ತರಿಸಿದಂತೆ ಹರಿದಿದ್ದರೆ, ಬಹುಮಟ್ಟಿಗೆ ಅದನ್ನು ಹಾಕಿದ ದಿನವೇ ಕೊಂದಿದ್ದಾರೆ: ಮೋಟರು ಸಡಿಲಿಸುವ ಬದಲು ಪೇಚಕಸ್ಸೋ ಹಾರಿಯೋ ಕೊಟ್ಟು ಮೀಟಿ ಪುಲಿಯ ಮೇಲೆ ಏರಿಸಿದ್ದಾರೆ, ಒಳಗಿನ ನೂಲಿನ ಎಳೆಗಳು ಅಲ್ಲೇ ತುಂಡಾಗಿವೆ. ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ತಾಗಿದೆ, ಪಟ್ಟಾ ಕೊಳ್ಳುವ ಮೊದಲು ಎಣ್ಣೆ ಸೋರುವ ಸೀಲು ಬದಲಿಸಬೇಕು. ಪುಲಿಯ ಗ್ರೂವಿನ ತಳವನ್ನೂ ನೋಡಿ. ಅದು ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಪಕ್ಕಗಳು ಸವೆದು ಪಟ್ಟಾ ತಳಕ್ಕೆ ಇಳಿದಿದೆ, ಬೆಣೆಯ ಹಿಡಿತ ಹೋಗಿದೆ. ಅಂಥ ಪುಲಿಗೆ ಎಷ್ಟು ಹೊಸ ಪಟ್ಟಾ ಹಾಕಿದರೂ ರೊಕ್ಕ ಹೋಗುತ್ತದೆ, ಕೆಲಸ ಆಗುವುದಿಲ್ಲ.

ಅಳತೆಯ ತಪ್ಪೂ ಕಡಿಮೆಯದಲ್ಲ. ಪಟ್ಟಾದ ಮೇಲೆ ಬಿ-60 ಎಂದಿದ್ದರೆ ಬಿ ಎಂಬುದು ಅಡ್ಡಕೊಯ್ತದ ಗಾತ್ರ, ಮೇಲಿನ ಅಗಲ 17 ಮಿಲಿಮೀಟರ್, ದಪ್ಪ 11. 60 ಎಂಬುದು ಒಳಸುತ್ತಿನ ಉದ್ದ, ಇಂಚಿನಲ್ಲಿ. ಎ ಗಾತ್ರ 13ಕ್ಕೆ 8, ಸಿ ಗಾತ್ರ 22ಕ್ಕೆ 14. ನಂಬರು ಅಳಿಸಿದ ಪಟ್ಟಾಕ್ಕೆ ಹೊರಗಿನಿಂದ ಟೇಪು ಸುತ್ತಿದರೆ ಬಿ ಗಾತ್ರದಲ್ಲಿ ಹೆಚ್ಚುಕಡಿಮೆ 7 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಹಳೆಯದು ಹಿಗ್ಗಿದ್ದರೆ ಇನ್ನೂ ಹೆಚ್ಚು. ಹಾಗೆ ತಂದ ಉದ್ದದ ಪಟ್ಟಾ ಬಿಗಿಯಾಗಲು ಮೋಟರನ್ನು ಹಳಿಯ ಕೊನೆಯವರೆಗೂ ಎಳೆಯಬೇಕು, ಮುಂದೆ ಬಿಗಿ ಮಾಡಲು ಜಾಗವೇ ಉಳಿಯುವುದಿಲ್ಲ. ಇನ್ನೊಂದು ರೂಢಿ, ಪಂಪಿನ ಸುತ್ತು ಹೆಚ್ಚುಕಡಿಮೆ ಮಾಡಲು ಕೈಗೆ ಸಿಕ್ಕ ಪುಲಿ ಹಾಕುವುದು. 1440 ಸುತ್ತಿನ ಮೋಟರಿಗೆ 4 ಇಂಚಿನ ಪುಲಿ, ಪಂಪಿಗೆ 6 ಇಂಚಿನದು ಹಾಕಿದರೆ ಪಂಪು 960 ಸುತ್ತು ತಿರುಗುತ್ತದೆ. ಲೆಕ್ಕ ಸುಲಭ, ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಬಿಡುವುದು, ಪ್ರತಿ ಗಾತ್ರದ ಪಟ್ಟಾಕ್ಕೂ ಒಂದು ಕನಿಷ್ಠ ಪುಲಿ ಇದೆ ಎಂಬುದು. ಎ ಗಾತ್ರಕ್ಕೆ 75 ಮಿಲಿಮೀಟರ್, ಬಿ ಗಾತ್ರಕ್ಕೆ 125, ಸಿ ಗಾತ್ರಕ್ಕೆ 200. ಬಿ ಪಟ್ಟಾ ಹಾಕಿ ಮೂರೂವರೆ ಇಂಚಿನ ಪುಲಿಯ ಮೇಲೆ ದುಡಿಸಿದರೆ ಅದು ನಿಮಿಷಕ್ಕೆ ನೂರಾರು ಸಲ ತನ್ನ ತಾಕತ್ತು ಮೀರಿ ಬಾಗುತ್ತದೆ. ಒಳಮೈಯ ಬಿರುಕು ಶುರುವಾಗುವುದು ಅಲ್ಲಿಂದ.

ಎರಡು ಪಟ್ಟಾ ಓಡುವ ಪಂಪಿನಲ್ಲಿ ಹರಿದ ಒಂದನ್ನೇ ಬದಲಿಸುವ ಉಳಿತಾಯವನ್ನು ನಾನು ಉಳಿತಾಯವೆಂದು ಒಪ್ಪುವುದಿಲ್ಲ. ಹಳೆಯದು ಹಿಗ್ಗಿರುತ್ತದೆ, ಹೊಸದು ಬಿಗಿ. ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ, ಹಳೆಯದು ಸುಮ್ಮನೆ ಸುತ್ತುತ್ತದೆ. ಕೆಲವೇ ದಿನಕ್ಕೆ ಹೊಸದೂ ಹಿಗ್ಗುತ್ತದೆ. ಒಂದೇ ಕಂಪನಿಯ, ಒಂದೇ ನಂಬರಿನ ಜೋಡಿ ಹಾಕಿ, ಎರಡನ್ನೂ ಒಟ್ಟಿಗೇ ತೆಗೆಯಬೇಕು. ಹಾಕಿದ ಮೇಲೆ ಬಿಗಿತ ನೋಡಲು ದೊಡ್ಡ ಸಾಧನ ಬೇಕಿಲ್ಲ. ಎರಡು ಪುಲಿಗಳ ನಡುವಿನ ಬಿಡುವಿನಲ್ಲಿ ಮಧ್ಯಕ್ಕೆ ಒತ್ತಿದಾಗ ಮೀಟರಿಗೆ 16 ಮಿಲಿಮೀಟರ್ ಲೆಕ್ಕದಲ್ಲಿ ತಗ್ಗಬೇಕು, ಅಂದರೆ ಅರ್ಧ ಮೀಟರಿನ ಬಿಡುವಿಗೆ 8 ಮಿಲಿಮೀಟರ್. ಅದಕ್ಕಿಂತ ಬಿಗಿಯಾದರೆ ಬೇರಿಂಗು ತಿನ್ನುತ್ತದೆ, ಸಡಿಲಾದರೆ ಜಾರುತ್ತದೆ. ಹೊಸ ಪಟ್ಟಾ ಮೊದಲ ಒಂದು ದಿನದ ಓಟದಲ್ಲಿ ಗ್ರೂವಿಗೆ ಕೂತು ಸಡಿಲಾಗುತ್ತದೆ, ಆಗ ಮತ್ತೊಮ್ಮೆ ಬಿಗಿ ಮಾಡಲೇಬೇಕು. ನಾನು ಕಂಡ ಯಂತ್ರಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಕೆಲಸ ಇದೊಂದೇ. ಪುಲಿಗಳ ಸಾಲು ನೋಡಲು ಒಂದು ನೂಲು ಸಾಕು. ಎರಡೂ ಪುಲಿಗಳ ಮುಖಕ್ಕೆ ಹಿಡಿದು ಎಳೆದಾಗ ನಾಲ್ಕು ಕಡೆ ತಾಗಬೇಕು, ಮೂರು ಕಡೆ ತಾಗಿ ಒಂದು ಕಡೆ ಬೆಳಕು ಕಂಡರೆ ಮೋಟರಿನ ಬೋಲ್ಟು ಬಿಚ್ಚಬೇಕು.

ಬಿಸಿಲು ನಮ್ಮಲ್ಲಿ ಬೇರೆಯೇ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ರಬ್ಬರಿನ ಪಟ್ಟಾದ ಒಳಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಈ ಕಸುಬಿನವರು ನಂಬಿ ನಡೆಯುವ ಲೆಕ್ಕ. ಒಣದ್ರಾಕ್ಷಿಯ ಕೆಲಸ ಜೋರಾಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ತಗಡಿನ ಶೆಡ್ಡಿನಡಿ. ಅಲ್ಲಿ ಮಾರ್ಚಿನ ಮಧ್ಯಾಹ್ನ ಪಟ್ಟಾ ಜಾರಿದರೆ ಹೊರಗಿನ ಬಿಸಿಗೆ ಉಜ್ಜಾಟದ ಬಿಸಿಯೂ ಸೇರುತ್ತದೆ. ಮನೆಯಲ್ಲಿ ಇಟ್ಟ ಸ್ಪೇರ್ ಪಟ್ಟಾವನ್ನೂ ನೋಡಿ: ಶೆಡ್ಡಿನ ಗೋಡೆಯ ಮೊಳೆಗೆ, ಬಿಸಿಲು ಬೀಳುವಲ್ಲಿ, ವರ್ಷಗಟ್ಟಲೆ ತೂಗಿರುತ್ತದೆ. ಮೊಳೆ ತಾಗಿದ ಜಾಗದಲ್ಲಿ ಅದು ಆಗಲೇ ಮಡಿಕೆ ಬಿದ್ದಿದೆ. ಕತ್ತಲ ಕೋಣೆಯ ಹಲಗೆಯ ಮೇಲೆ ಅಗಲವಾಗಿ ಸುತ್ತಿಟ್ಟರೆ ಅದೇ ಪಟ್ಟಾ ಬೇಕಾದ ದಿನಕ್ಕೆ ಹೊಸದಾಗಿಯೇ ಸಿಗುತ್ತದೆ.

ಇನ್ನು ಹೈಡ್ರಾಲಿಕ್ ಪೈಪಿನ ಮಾತು. ಪಟ್ಟಾ ಹರಿದರೆ ಕೆಲಸ ನಿಲ್ಲುತ್ತದೆ, ಪೈಪು ಒಡೆದರೆ ಮನುಷ್ಯ ಹೋಗಬಹುದು. ಆದ್ದರಿಂದ ಇಲ್ಲಿ ನನ್ನ ಮಾತು ಹೆಚ್ಚು ಖಡಕ್ಕಾಗಿರುತ್ತದೆ.

ಪೈಪು ಪ್ರೆಸ್ ಮಾಡಿಕೊಡುವ ಅಂಗಡಿಗೆ ಹೋದವರು ಹೇಳುವುದು ಎರಡೇ ಮಾತು: "ಅರ್ಧ ಇಂಚಿಂದು, ಇಷ್ಟುದ್ದ." ಅರ್ಧ ಇಂಚೆಂಬುದು ಒಳರಂಧ್ರ. ಆ ರಂಧ್ರದ ಪೈಪು ಹಲವು ತರಹ. ಉಕ್ಕಿನ ತಂತಿಯ ಒಂದು ಹೆಣಿಗೆಯದು, ಎರಡು ಹೆಣಿಗೆಯದು, ನಾಲ್ಕು ಸುರುಳಿಯದು. ಯುರೋಪಿನ ಮಾನಕದ ಪ್ರಕಾರ ಅರ್ಧ ಇಂಚಿನ ಒಂದು ಹೆಣಿಗೆಯ 1ಎಸ್‌ಎನ್ ಪೈಪಿನ ದುಡಿಮೆಯ ಒತ್ತಡ 160 ಬಾರ್, ಎರಡು ಹೆಣಿಗೆಯ 2ಎಸ್‌ಎನ್‌ದು 275 ಬಾರ್. ಹೊರಗಿನಿಂದ ಎರಡೂ ಕಪ್ಪು ರಬ್ಬರು, ದಪ್ಪದಲ್ಲಿ ಕೊಂಚ ಫರಕು. ಅಗೆಯುವ, ಎತ್ತುವ ಯಂತ್ರಗಳಲ್ಲಿ ಒತ್ತಡ 200 ಬಾರ್ ದಾಟುವುದು ಸಾಮಾನ್ಯ. ಅಲ್ಲಿ ಒಂದು ಹೆಣಿಗೆಯ ಪೈಪು ಹಾಕಿದರೆ ಏನಾಗುತ್ತದೆ? ಅವತ್ತು ಏನೂ ಆಗುವುದಿಲ್ಲ. ಪೈಪು ಒಡೆಯುವ ಒತ್ತಡ ದುಡಿಮೆಯ ಒತ್ತಡದ 4 ಪಟ್ಟು ಇರುವಂತೆ ಮಾಡಿರುತ್ತಾರೆ, ಹಾಗಾಗಿ 640 ಬಾರಿನವರೆಗೆ ಅದು ತಡೆಯಬಹುದು. ತಕ್ಷಣ ಒಡೆಯದ ಈ ಗುಣವೇ ಮೋಸ ಮಾಡುತ್ತದೆ. "ನೋಡ್ರಿ, ಕಡಿಮಿ ರೇಟಿನ್ದ ಹಾಕಿದ್ವಿ, ಛಲೋ ನಡೀಲಿಕತ್ತೇತಿ" ಎನ್ನುತ್ತಾರೆ. ಬಕೆಟ್ ಎತ್ತಿದಾಗ, ಇಳಿಸಿದಾಗ, ಕಲ್ಲಿಗೆ ಬಡಿದಾಗ ಒತ್ತಡ ಏರಿಳಿಯುತ್ತದೆ. ಪ್ರತಿ ಏರಿಳಿತಕ್ಕೂ ತಂತಿ ತುಸು ದಣಿಯುತ್ತದೆ. ಒಡೆಯುವುದು ಕೆಲವು ವಾರಗಳ ಮೇಲೆ, ಪೂರ್ತಿ ಭಾರ ಎತ್ತಿದ ಹೊತ್ತಿನಲ್ಲಿ. ನಾಲ್ಕು ಪಟ್ಟು ಎಂಬ ಅಂತರವನ್ನು ಇಟ್ಟಿರುವುದು ಈ ದಣಿವಿಗೆ, ಏಟಿಗೆ, ಬಿಸಿಗೆ. ಕಡಿಮೆ ದರ್ಜೆಯ ಪೈಪು ಹಾಕಿ ಆ ಅಂತರವನ್ನು ಖರ್ಚು ಮಾಡುವ ಹಕ್ಕು ನಮಗಿಲ್ಲ.

ಪೈಪಿನ ಮೈಮೇಲೆ ಉದ್ದಕ್ಕೂ ಒಂದು ಬರಹದ ಗೆರೆ ಇರುತ್ತದೆ: ದರ್ಜೆ, ಗಾತ್ರ, ಒತ್ತಡ, ತಯಾರಾದ ಕಾಲ. ಈ ಗೆರೆ ಮಾಹಿತಿ ಹೇಳುವುದರ ಜೊತೆಗೆ ಕೂಡಿಸಿದ ಕೆಲಸದ ಪರೀಕ್ಷೆಯೂ ಹೌದು. ಎರಡೂ ತುದಿ ಬಿಗಿದ ಮೇಲೆ ಗೆರೆ ನೇರವಾಗಿ ಓಡಬೇಕು. ಪೈಪಿನ ಸುತ್ತ ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಬಿಗಿಯುವಾಗ ಪೈಪು ತಿರುಚಿದೆ, ಒಳಗಿನ ಹೆಣಿಗೆಯ ಕೋನ ಕೆಟ್ಟಿದೆ, ಒತ್ತಡ ಬಂದಾಗೆಲ್ಲ ಅದು ತಿರುಚನ್ನು ಬಿಚ್ಚಿಕೊಳ್ಳಲು ಹೊರಳುತ್ತದೆ. ತುದಿ ಹಿಡಿಯಲು ಒಂದು ಪಾನಾ, ನಟ್ಟು ಬಿಗಿಯಲು ಇನ್ನೊಂದು ಪಾನಾ ಬಳಸಿದರೆ ಈ ತಪ್ಪು ಆಗುವುದಿಲ್ಲ. ಒಂದೇ ಪಾನಾದಲ್ಲಿ ಕೆಲಸ ಮುಗಿಸುವ ಅವಸರದಿಂದ ಆಗುತ್ತದೆ. ಉದ್ದದ್ದೂ ಹಾಗೆಯೇ. ಒತ್ತಡದಲ್ಲಿ ಪೈಪು ನೂರಕ್ಕೆ 2 ಪಾಲು ಹಿಗ್ಗಬಹುದು, 4 ಪಾಲು ಕುಗ್ಗಬಹುದು. ಮೀಟರ್ ಪೈಪು 4 ಸೆಂಟಿಮೀಟರ್ ಕುಗ್ಗಿದಾಗ ಎಳೆತವೆಲ್ಲ ತುದಿಯ ಫಿಟಿಂಗಿನ ಮೇಲೆ ಬೀಳುತ್ತದೆ. ಆದ್ದರಿಂದ ತುಸು ಸಡಿಲು ಬೇಕು. ಅರ್ಧ ಇಂಚಿನ ಪೈಪು 18 ಸೆಂಟಿಮೀಟರಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಾಗಬಾರದು. ಬಾಗಲೇಬೇಕಾದ ಜಾಗದಲ್ಲಿ ಬಾಗಿದ ಫಿಟಿಂಗು ಹಾಕಿಸಬೇಕು.

ತುದಿಯ ಫಿಟಿಂಗು ಪ್ರೆಸ್ ಮಾಡುವ ಕೆಲಸದಲ್ಲಿ ನಮ್ಮೂರ ಅಂಗಡಿಗಳಿಗೆ ನನ್ನ ನೇರ ಬೇಡಿಕೆ ಇದೆ. ಪೈಪು ತಯಾರಕರು ಪ್ರತಿ ಪೈಪಿಗೆ, ಪ್ರತಿ ಫಿಟಿಂಗಿಗೆ ಒತ್ತಿದ ಮೇಲೆ ಹೊರವ್ಯಾಸ ಎಷ್ಟಿರಬೇಕೆಂದು ಪಟ್ಟಿ ಕೊಟ್ಟಿರುತ್ತಾರೆ. ಒತ್ತಿದ ಮೇಲೆ ವರ್ನಿಯರ್ ಹಿಡಿದು ನೋಡಬೇಕು. ಕಣ್ಣಂದಾಜಿನಲ್ಲಿ ಒತ್ತಿದರೆ ಕಡಿಮೆಯಾದಾಗ ಫಿಟಿಂಗು ಹಾರಿಹೋಗುತ್ತದೆ, ಹೆಚ್ಚಾದಾಗ ಒಳಗಿನ ರಬ್ಬರು ಕತ್ತರಿಸಿ ಸೋರುತ್ತದೆ. ಒಂದು ಕಂಪನಿಯ ಪೈಪಿಗೆ ಇನ್ನೊಂದು ಕಂಪನಿಯ ಫಿಟಿಂಗು ಒತ್ತಿದರೆ ಯಾವ ಪಟ್ಟಿಯೂ ಅನ್ವಯಿಸುವುದಿಲ್ಲ. ಪೈಪು ಕತ್ತರಿಸಿದಾಗ ಒಳಗೆ ರಬ್ಬರು, ಉಕ್ಕಿನ ಪುಡಿ ಉಳಿಯುತ್ತದೆ. ಅದನ್ನು ತೆಗೆಯದೆ ಯಂತ್ರಕ್ಕೆ ಹಾಕಿದರೆ ಪುಡಿ ನೇರ ವಾಲ್ವಿಗೆ ಹೋಗುತ್ತದೆ. ಪೈಪಿನಲ್ಲಿ ಉಳಿಸಿದ ನೂರು ರೂಪಾಯಿಯನ್ನು ವಾಲ್ವಿನಲ್ಲಿ ಸಾವಿರಗಟ್ಟಲೆ ತೆರುವುದು ಹೀಗೆ. ಥ್ರೆಡ್ಡಿನ ಗೊಂದಲ ಬೇರೆ: ಬಿಎಸ್‌ಪಿ, ಮೆಟ್ರಿಕ್, ಜೆಐಸಿ ಮೂರೂ ನಮ್ಮ ಯಂತ್ರಗಳಲ್ಲಿ ಬೆರೆತಿವೆ. ಒಂದಕ್ಕೊಂದು ಎರಡು ಸುತ್ತು ಕೂರುತ್ತವೆ, ಟೇಪು ಸುತ್ತಿ ಬಿಗಿದರೆ ಸೋರಿಕೆಯೂ ನಿಂತಂತಾಗುತ್ತದೆ. ಆದರೆ ಎಣ್ಣೆ ತಡೆಯಬೇಕಾದದ್ದು ಕೋನಾಕಾರದ ಸೀಟು. ಜೆಐಸಿಯ ಸೀಟು 37 ಡಿಗ್ರಿ, ಮೆಟ್ರಿಕ್‌ನದು ಸಾಮಾನ್ಯವಾಗಿ 24, ಬಿಎಸ್‌ಪಿಯದು 60. ಸೀಟು ಕೂಡದ ಜೋಡಣೆ ಭಾರ ಬಿದ್ದಾಗ ಕಿತ್ತುಕೊಳ್ಳುತ್ತದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದ ಮಾತು. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಮಂಜಿನ ಹಾಗೆ ಎಣ್ಣೆ ಸಿಡಿಯುತ್ತಿರುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಚಾಲಕ ಅಥವಾ ಮಿಸ್ತ್ರಿ ಪೈಪಿನ ಮೇಲೆ ಬರಿಗೈ ಸವರುತ್ತಾರೆ. ಇದನ್ನು ಯಾವ ಊರಲ್ಲಿ ಬೇಕಾದರೂ ನೋಡಬಹುದು. 7 ಬಾರ್ ಒತ್ತಡದ ಎಣ್ಣೆಯ ಎಳೆಯೂ ಚರ್ಮ ತೂರಬಲ್ಲದು, ಇಲ್ಲಿರುವುದು ಅದರ ಇಪ್ಪತ್ತು ಮೂವತ್ತು ಪಟ್ಟು. ಎಣ್ಣೆ ಬೆರಳಿನೊಳಗೆ ಹೊಕ್ಕರೆ ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಒಂದು ಚುಕ್ಕೆ. ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿ ಕೆಲಸ ಮುಂದುವರಿಸುತ್ತಾರೆ. ಒಳಗೆ ಎಣ್ಣೆ ಸ್ನಾಯುರಜ್ಜುವಿನ ಜಾಡು ಹಿಡಿದು ಅಂಗೈವರೆಗೆ ಹರಡಿರುತ್ತದೆ, ಕೆಲವು ತಾಸುಗಳಲ್ಲಿ ಊದಿಕೊಳ್ಳುತ್ತದೆ, ರಕ್ತದ ಓಟ ನಿಲ್ಲುತ್ತದೆ. ತಡವಾದರೆ ಬೆರಳು, ಕೆಲವೊಮ್ಮೆ ಕೈ ತೆಗೆಯಬೇಕಾಗುತ್ತದೆ. ಇದು ಶಸ್ತ್ರಚಿಕಿತ್ಸೆಯ ತುರ್ತು. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ಜಿಲ್ಲಾ ಆಸ್ಪತ್ರೆಗೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತಾಸಿನೊಳಗೆ ಮುಟ್ಟಬಹುದು. ಮುಟ್ಟಿದ ಕೂಡಲೇ "ಪ್ರೆಷರಿನ ಎಣ್ಣೆ ಒಳಗ ಹೊಕ್ಕೇತಿ" ಎಂದು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಚುಕ್ಕೆಯನ್ನು ನೋಡಿ ವೈದ್ಯರೂ ಮೋಸಹೋಗಬಹುದು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಪೈಪಿನ ಹತ್ತಿರ ಹಿಡಿದು ಸರಿಸುತ್ತ ಹೋದರೆ ರಟ್ಟಿನ ಮೇಲೆ ಎಣ್ಣೆ ಬೀಳುವ ಜಾಗ ತೂತನ್ನು ತೋರಿಸುತ್ತದೆ.

ಟಿಪ್ಪರ್ ಟ್ರಾಲಿಯದೂ ಇದೇ ಕಥೆ. ಎತ್ತಿ ನಿಲ್ಲಿಸಿದ ಟ್ರಾಲಿಯ ಕೆಳಗೆ ತಲೆ ಹಾಕಿ ಗ್ರೀಸು ಹಚ್ಚುವವರ ಜೀವ ಆಗ ಒಂದು ಪೈಪಿನ ತುದಿಯ ಮೇಲೆ ನಿಂತಿರುತ್ತದೆ. ಗಟ್ಟಿ ಆಧಾರ ಕೊಡದೆ ಕೆಳಗೆ ಹೋಗಬಾರದು. ಪೈಪು ಬಿಚ್ಚುವ ಮೊದಲು ಎತ್ತಿದ್ದನ್ನು ನೆಲಕ್ಕೆ ಇಳಿಸಿ, ಎಂಜಿನ್ನು ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸಬೇಕು.

ಪಟ್ಟಾದ ಕಡೆಯಲ್ಲೂ ಮನುಷ್ಯರ ಪ್ರಶ್ನೆ ಇದೆ. ಒಣದ್ರಾಕ್ಷಿ ಸ್ವಚ್ಛ ಮಾಡುವ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸೆರಗು, ಜಡೆ, ಓಢಣಿ, ಪಕ್ಕದಲ್ಲೇ ತೆರೆದ ಪುಲಿ. ಪಟ್ಟಾ ಪುಲಿಯೊಳಗೆ ನುಗ್ಗುವ ಬಾಯಿಯಲ್ಲಿ ಬಟ್ಟೆಯ ಅಂಚು ಸಿಕ್ಕರೆ ಸ್ವಿಚ್ಚಿನವರೆಗೆ ಕೈ ಹೋಗುವಷ್ಟು ಹೊತ್ತು ಸಿಗುವುದಿಲ್ಲ. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಚಲಿಸುವ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕೆಂದು ಬರೆಯಿತು. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಕಂಡು 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೇ ಒಂದು ಕಾಯಿದೆ ಮಾಡಿತು. ಆದರೆ ಋತುವಿಗೆ ಮಾತ್ರ ತೆರೆಯುವ ಸಣ್ಣ ಶೆಡ್ಡು ಕಾಯಿದೆಯ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಯಂತ್ರದ ಜೊತೆ ಪುಲಿ ಮುಚ್ಚುವ ಜಾಳಿಗೆ ಬಂದೇ ಇರುತ್ತದೆ. ಪಟ್ಟಾ ಪದೇ ಪದೇ ಹರಿಯುತ್ತದೆಂದು, ಪ್ರತಿ ಸಲ ಬಿಚ್ಚಿ ಹಾಕುವ ಬೇಸರಕ್ಕೆ ಒಂದು ದಿನ ತೆಗೆದವರು ಮತ್ತೆ ಹಾಕುವುದಿಲ್ಲ. ಇಲ್ಲಿ ನನ್ನ ಮೊದಲಿನ ವಾದಕ್ಕೂ ಈ ಅಪಾಯಕ್ಕೂ ನೇರ ನಂಟಿದೆ: ಪುಲಿಯ ಸಾಲು ಸರಿ ಮಾಡಿ ಪಟ್ಟಾ ಬಾಳುವಂತೆ ಮಾಡಿದರೆ ಜಾಳಿಗೆ ತೆಗೆಯುವ ಕಾರಣವೇ ಉಳಿಯುವುದಿಲ್ಲ.

ಇಷ್ಟಕ್ಕೆ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ಬದಿಗೆ ಸರಿಸುವಂತಿಲ್ಲ. ರೈತರು ಹೇಳುತ್ತಾರೆ: ನಮಗೆ ಪುಲಿಯ ಸಾಲು ನೋಡುತ್ತ ಕೂರುವ ಪುರುಸೊತ್ತು ಎಲ್ಲಿದೆ, ತ್ರೀ ಫೇಸ್ ಕರೆಂಟು ಕೊಟ್ಟಷ್ಟೇ ತಾಸು, ಮಳೆ ಕಾಯುವುದಿಲ್ಲ, ರೋಗ ಕಾಯುವುದಿಲ್ಲ. ಮಿಸ್ತ್ರಿ ಹೇಳುತ್ತಾರೆ: ಒಳ್ಳೆಯ ಪೈಪಿನ ರೇಟು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಎರಡೂ ನಿಜ. ಅಕ್ಟೋಬರ್ ರಾತ್ರಿ ಪಂಪು ನಿಂತಾಗ ಸಿಕ್ಕಿದ್ದನ್ನು ಹಾಕಿ ಓಡಿಸುವುದೇ ಸರಿ, ನಾನೂ ಅದನ್ನೇ ಹೇಳುತ್ತೇನೆ. ವರ್ಷಕ್ಕೆ ಎರಡು ಚಾಟಣಿ, ಒಂದೇ ಫಸಲು. ಆ ವಾರ ತಪ್ಪಿದರೆ ವರ್ಷವೇ ತಪ್ಪಿತು. ಆದರೆ ಈ ಆಕ್ಷೇಪದಿಂದ ಹೊರಡುವ ತೀರ್ಮಾನ ಬೇರೆ. ಆ ರಾತ್ರಿ ಪುರುಸೊತ್ತು ಇಲ್ಲವೆಂದ ಮೇಲೆ ಪುರುಸೊತ್ತು ಇರುವ ತಿಂಗಳಲ್ಲಿ ಕೆಲಸ ಆಗಬೇಕು. ಹಣ್ಣಿನ ಚಾಟಣಿಗೆ ಮೊದಲು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪಂಪು ತೋಟದಲ್ಲಿ ಖಾಲಿ ನಿಂತಿರುತ್ತದೆ. ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮೊದಲು ಟ್ರಾಲಿಗಳೂ ಹಾಗೆಯೇ. ಒಂದು ಮಧ್ಯಾಹ್ನ ನೂಲು ಹಿಡಿದು, ಗ್ರೂವು ನೋಡಿ, ಪೈಪಿನ ಗೆರೆ ಓದಿ, ಪಟ್ಟಾ ಜೋಡಿಯೊಂದನ್ನು ತಂದಿಟ್ಟರೆ ಆ ರಾತ್ರಿಯ ಓಟ ತಪ್ಪುತ್ತದೆ. ಪಟ್ಟಾದ ಬೆಲೆ ನೂರರ ಲೆಕ್ಕದಲ್ಲಿ, ಗೊನೆಯ ಬೆಲೆ ಲಕ್ಷದ ಲೆಕ್ಕದಲ್ಲಿ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿ ನೋಡಿದ ರೈತರು ಅಗ್ಗದ ಪಟ್ಟಾ ಕೇಳುವುದಿಲ್ಲ.

ಆದರೆ ಎಲ್ಲವನ್ನೂ ರೈತರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಅಂಗಡಿಯ ಬಿಲ್ಲಿನಲ್ಲಿ "ಹೈಡ್ರಾಲಿಕ್ ಪೈಪು 1" ಎಂದಷ್ಟೇ ಬರೆಯುವುದು ನಿಲ್ಲಬೇಕು. ದರ್ಜೆ, ಗಾತ್ರ, ಒತ್ತಡ, ಪ್ರೆಸ್ ಮಾಡಿದ ತಾರೀಖು ಬಿಲ್ಲಿನಲ್ಲೂ ಫಿಟಿಂಗಿನ ಮೇಲೂ ಇರಬೇಕು. ಜರ್ಮನಿಯ ಡಿಐಎನ್ 20066 ಮಾನಕ, ದಾಸ್ತಾನಿನಲ್ಲಿದ್ದ ಕಾಲವನ್ನೂ ಸೇರಿಸಿ, ಪೈಪಿನ ಬಳಕೆಗೆ 6 ವರ್ಷದ ಮಿತಿ ಹಾಕಿದೆ. ನಮ್ಮ ಬಿಸಿಲಿಗೆ ಅಷ್ಟು ಬಾಳುತ್ತದೆಂದು ನಾನು ನಂಬುವುದಿಲ್ಲ. ಎಷ್ಟು ಬಾಳುತ್ತದೆಂದು ತಿಳಿಯಲಿಕ್ಕಾದರೂ ತಾರೀಖು ಬೇಕಲ್ಲ. ಪಟ್ಟಾ ಕೊಳ್ಳುವಾಗ ಐಎಸ್ 2494 ಎಂಬ ಭಾರತೀಯ ಮಾನಕದ ಗುರುತು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಮದುರೈನಲ್ಲಿ, ನಾಗಪುರದಲ್ಲಿ ಒಳ್ಳೆಯ ಪಟ್ಟಾ ತಯಾರಾಗಿ ಬರುವ ದೇಶದಲ್ಲಿ ಹೆಸರಿಲ್ಲದ ಮಾಲಿಗೆ ಶರಣಾಗುವ ಅಗತ್ಯವಿಲ್ಲ.

ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೆಳೆ, ರೋಗ, ಗೊಬ್ಬರದ ತರಬೇತಿಗೆ ಜನ ಸೇರುತ್ತಾರೆ. ಚಾಟಣಿಗೆ ಮೊದಲು ಒಂದು ದಿನ ಪಟ್ಟಾ ಮತ್ತು ಪೈಪಿಗೆ ಮೀಸಲಿಡಬೇಕು. ಬರುವವರು ಹರಿದದ್ದನ್ನು, ಒಡೆದದ್ದನ್ನು ಮನೆಯಿಂದ ತರಬೇಕು, ಅದನ್ನೇ ಮೇಜಿನ ಮೇಲಿಟ್ಟು ಪಾಠ ಆಗಬೇಕು. ಐಟಿಐ ಹುಡುಗರನ್ನೂ, ಊರ ಮಿಸ್ತ್ರಿಗಳನ್ನೂ ಒಟ್ಟಿಗೆ ಕೂರಿಸಬೇಕು, ಯಾಕೆಂದರೆ ಪುಸ್ತಕದ ಲೆಕ್ಕ ಹುಡುಗರ ಹತ್ತಿರ ಇದೆ, ಹರಿದ ಪಟ್ಟಾ ನೋಡಿದ ಅನುಭವ ಮಿಸ್ತ್ರಿಗಳ ಹತ್ತಿರ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಪ್ರತಿ ಯಂತ್ರಕ್ಕೂ ಒಂದು ದಫ್ತರ ಇಡಬೇಕು. ಪಟ್ಟಾದ ನಂಬರು, ಪುಲಿಯ ಗಾತ್ರ, ಪ್ರತಿ ಪೈಪಿನ ದರ್ಜೆ ಮತ್ತು ಥ್ರೆಡ್ಡು, ಬದಲಿಸಿದ ದಿನ, ಹಳೆಯದು ಯಾವ ತರಹ ಹಾಳಾಗಿತ್ತು ಎಂಬ ಒಂದು ಸಾಲು. ನಾಲ್ಕು ಹಂಗಾಮಿನ ದಫ್ತರ ಒಟ್ಟು ಸೇರಿದರೆ ಈ ಮಣ್ಣಿಗೆ, ಈ ಬಿಸಿಲಿಗೆ, ನಾವು ಹೊಡೆಯುವ ಔಷಧದ ತುಂತುರಿಗೆ ಯಾವ ಪಟ್ಟಾ, ಯಾವ ಪೈಪು ನಿಜವಾಗಿ ತಡೆಯುತ್ತದೆಂದು ಯಾವ ಕಂಪನಿಯ ಕ್ಯಾಟಲಾಗಿಗಿಂತ ಚೆನ್ನಾಗಿ ತಿಕೋಟಾದವರೇ ಹೇಳಬಲ್ಲರು. ಈ ಕೆಲಸಕ್ಕೆ ಬೇಕಾದದ್ದು ಒಂದು ನೋಟುಬುಕ್ಕು ಮತ್ತು ಅದನ್ನು ಬರೆಯುವ ಹೊಣೆ ಹೊತ್ತ ಒಬ್ಬ ಸಿಬ್ಬಂದಿ. ಈ ಸೆಪ್ಟೆಂಬರಿನಿಂದಲೇ ಶುರುಮಾಡಬಹುದು.